ಸಿಲೆಬಸ್ ಬರೆಯುವಾಗಲೇ ವಿದ್ಯಾರ್ಥಿಯ ಖರ್ಚನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಪದವಿ ಕಾಲೇಜಿನ ಖರ್ಚೆಂದರೆ ಪ್ರವೇಶ ಶುಲ್ಕ, ಪರೀಕ್ಷಾ ಶುಲ್ಕ, ಹಾಸ್ಟೆಲ್, ಬಸ್ ಪಾಸ್ ಇಷ್ಟೇ ಚರ್ಚೆಗೆ ಬರುತ್ತವೆ. ಪುಸ್ತಕ, ಜೆರಾಕ್ಸ್, ರೆಕಾರ್ಡ್, ಪ್ರಿಂಟ್, ಬೈಂಡಿಂಗ್ ಎಂದು ವಿದ್ಯಾರ್ಥಿ ವಾರವಾರವೂ ಬಿಚ್ಚುವ ಹಣ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಶುಲ್ಕಕ್ಕೆ ರಸೀದಿ ಇದೆ, ವಿನಾಯಿತಿ ಇದೆ, ವಿದ್ಯಾರ್ಥಿವೇತನವಾಗಿ ಒಂದಷ್ಟು ಮರಳಿ ಬರುವ ದಾರಿಯೂ ಇದೆ. ಈ ಚಿಲ್ಲರೆ ಖರ್ಚಿಗೆ ಇವು ಯಾವುವೂ ಇಲ್ಲ. ಅದು ಎಷ್ಟಾಗಬೇಕು ಎಂಬುದು ತೀರ್ಮಾನವಾಗುವುದು ಎರಡು ಕಡೆ: ಸಿಲೆಬಸ್ ರೂಪಿಸುವ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯಲ್ಲಿ ಮತ್ತು ಅದನ್ನು ವಾರಗಳಿಗೆ ಹಂಚಿ ಪಾಠ ಯೋಜನೆ ಬರೆಯುವ ಅಧ್ಯಾಪಕರ ಮೇಜಿನ ಮೇಲೆ. ಪ್ರತಿ ಪತ್ರಿಕೆಯ (ಸೆಮಿಸ್ಟರಿನಲ್ಲಿ ಓದುವ ಒಂದೊಂದು ವಿಷಯದ) ಸಿಲೆಬಸ್ಸಿಗೂ, ಅದಕ್ಕಾಗಿ ವಿದ್ಯಾರ್ಥಿ ಮಾಡಬೇಕಾದ ಖರ್ಚನ್ನು ತೋರಿಸುವ ಒಂದು ವೆಚ್ಚದ ಪುಟ ಲಗತ್ತಾಗಬೇಕು ಎಂಬುದು ನಮ್ಮ ಒತ್ತಾಯ. ಅದು ಏಕೆ, ಹೇಗೆ ಎಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಸಿಲೆಬಸ್ ಬದಲಾವಣೆಯ ವಿಷಯ. ನಮ್ಮ ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಚೌಕಟ್ಟು ಬಂತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ 2024-25ರಿಂದ ಮೂರು ವರ್ಷದ ಪದವಿ ಮರಳಿತು. ಯಾವ ನೀತಿ ಒಳ್ಳೆಯದು ಎಂಬ ವಾದ ಇಲ್ಲಿ ಬೇಡ. ಆದರೆ ಒಂದೊಂದು ಬದಲಾವಣೆಗೂ ಹಿರಿಯರ ಪುಸ್ತಕ ಕಿರಿಯರ ಕೈಗೆ ಹೋಗುವ ದಾರಿ ಕಡಿದುಹೋಗುತ್ತದೆ. 400 ರೂಪಾಯಿಯ ಪುಸ್ತಕವನ್ನು ಮೊದಲನೆಯವನು 250ಕ್ಕೆ, ಎರಡನೆಯವನು 150ಕ್ಕೆ ಮಾರಿದ ಎಂದಿಟ್ಟುಕೊಳ್ಳೋಣ. ಆಗ ಮೂವರಿಗೂ ತಗಲುವ ನಿಜವಾದ ಖರ್ಚು ಕ್ರಮವಾಗಿ 150, 100 ಮತ್ತು 150 ರೂಪಾಯಿ. ಮಧ್ಯದಲ್ಲಿ ಸಿಲೆಬಸ್ ಬದಲಾದರೆ ಮೊದಲನೆಯವನ 400 ಪೂರ್ತಿ ಅವನ ತಲೆಗೇ, ಮುಂದಿನವರೂ ಹೊಸದನ್ನೇ ಕೊಳ್ಳಬೇಕು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳೂ ಹಿಂದಿನ ಸಿಲೆಬಸ್ಸಿನ ಪುಸ್ತಕಕ್ಕೆ ಕಾಗದದ ಬೆಲೆಯಷ್ಟೇ ಕಟ್ಟುತ್ತವೆ.

ಹಲವು ಪತ್ರಿಕೆಗಳಲ್ಲಿ ಬದಲಾದದ್ದು ಹೆಸರು ಮತ್ತು ಘಟಕಗಳ ಕ್ರಮ ಮಾತ್ರ, ಒಳಗಿನ ವಿಷಯದ ಬಹುಪಾಲು ಹಳೆಯದೇ. ಇದು ವಿದ್ಯಾರ್ಥಿಗೆ ತಿಳಿಯುವುದಿಲ್ಲ, ಏಕೆಂದರೆ ಯಾರೂ ಅವನಿಗೆ ಹೇಳುವುದಿಲ್ಲ. ಅಧ್ಯಯನ ಮಂಡಳಿ ಹೊಸ ಸಿಲೆಬಸ್ಸಿನ ಕೊನೆಗೆ ಹಳೆಯ-ಹೊಸ ಹೋಲಿಕೆಯ ಒಂದು ಪಟ್ಟಿ ಹಾಕಲಿ: ಹೊಸ ಘಟಕ 2 ಎಂದರೆ ಹಳೆಯ ಮೂರನೇ ಸೆಮಿಸ್ಟರ್ ಪತ್ರಿಕೆಯ ಘಟಕ 4, ಹೊಸದಾಗಿ ಸೇರಿದ್ದು ಇಂತಿಂಥ ಎರಡು ವಿಷಯ, ಕೈಬಿಟ್ಟದ್ದು ಇಷ್ಟು. ಈ ಒಂದು ಪುಟವಿದ್ದರೆ ಹಳೆಯ ಪುಸ್ತಕಕ್ಕೆ ಇನ್ನೂ ಮೂರು ವರ್ಷ ಆಯುಸ್ಸು ಸಿಗುತ್ತದೆ.

ಎರಡನೆಯದು ದಿನಾಂಕ. ತರಗತಿ ಶುರುವಾಗಿ ಎರಡು ಮೂರು ವಾರವಾದ ಮೇಲೆ ಸಿಲೆಬಸ್ ಜಾಲತಾಣಕ್ಕೆ ಬಂದರೆ ಗ್ರಂಥಾಲಯ ಏನೂ ಮಾಡಲಾಗದು. ವಿಭಾಗದಿಂದ ಬೇಡಿಕೆ ಪಟ್ಟಿ, ಗ್ರಂಥಾಲಯ ಸಮಿತಿಯ ಒಪ್ಪಿಗೆ, ದರಪಟ್ಟಿ, ಖರೀದಿ ಆದೇಶ, ಪುಸ್ತಕ ಬಂದ ಮೇಲೆ ಪರಿಗ್ರಹಣ ಸಂಖ್ಯೆ (ಗ್ರಂಥಾಲಯದ ದಾಖಲೆ ಸಂಖ್ಯೆ), ವರ್ಗೀಕರಣ ಇವೆಲ್ಲ ಮುಗಿಯಲು ಸುಲಲಿತವಾಗಿ ನಡೆದರೂ ಎರಡು ತಿಂಗಳು ಬೇಕು. ಸೆಮಿಸ್ಟರೇ ನಾಲ್ಕು ತಿಂಗಳು. ಈ ಸಂದಿಯಲ್ಲಿ ಗೈಡ್ ಅಂಗಡಿಗೆ ಬಂದಿರುತ್ತದೆ, ಘಟಕವಾರು ಪ್ರಶ್ನೋತ್ತರ ಸಮೇತ. ವಿದ್ಯಾರ್ಥಿ ಅದನ್ನು ಕೊಂಡರೆ ತಪ್ಪು ಅವನದಲ್ಲ. ತರಗತಿ ಆರಂಭಕ್ಕೆ 90 ದಿನ ಮೊದಲು ಪುಸ್ತಕ ಪಟ್ಟಿಯಾದರೂ ಅಂತಿಮವಾಗಿ ಪ್ರಕಟವಾಗಬೇಕು. ಬಾಕಿ ವಿವರಗಳು ಆಮೇಲೆ ಬಂದರೂ ನಡೆದೀತು.

ಇನ್ನು ಆ ಪುಸ್ತಕ ಪಟ್ಟಿಯ ಸ್ಥಿತಿ. ಒಂದು ಪತ್ರಿಕೆಯ ಕೆಳಗೆ ಹನ್ನೆರಡು ಹದಿನೈದು ಪರಾಮರ್ಶನ ಗ್ರಂಥಗಳು, ಅವುಗಳಲ್ಲಿ ಕೆಲವು ಮುದ್ರಣದಲ್ಲೇ ಇಲ್ಲ, ಕೆಲವಕ್ಕೆ ಪ್ರಕಾಶಕರ ಹೆಸರಿಲ್ಲ, ಬಹುತೇಕಕ್ಕೆ ಆವೃತ್ತಿ ನಮೂದಾಗಿಲ್ಲ. ಹಿಂದಿನ ಸಿಲೆಬಸ್ಸಿನಿಂದ ನಕಲಿಸಿ ನಕಲಿಸಿ ಬಂದ ಪಟ್ಟಿ ಅದು. ಅದರಲ್ಲಿ ಯಾವುದನ್ನು ಓದಲೇಬೇಕು ಎಂದು ವಿದ್ಯಾರ್ಥಿಗೆ ತಿಳಿಯುವುದಿಲ್ಲ. ಗ್ರಂಥಪಾಲಕರಿಗೂ ತಿಳಿಯದೆ ಎಲ್ಲದರಲ್ಲೂ ಒಂದೊಂದು ಪ್ರತಿ ತರಿಸುತ್ತಾರೆ. ಹದಿನೈದು ಪುಸ್ತಕದ ಒಂದೊಂದು ಪ್ರತಿಗಿಂತ ಒಂದೇ ಪುಸ್ತಕದ ಹದಿನೈದು ಪ್ರತಿ ಪದವಿ ತರಗತಿಗೆ ಹೆಚ್ಚು ಉಪಯುಕ್ತ. ಪಟ್ಟಿಯನ್ನು ಮೂರಾಗಿ ಒಡೆಯಬೇಕು. ಮೊದಲ ಭಾಗದಲ್ಲಿ ಒಂದೇ ಮುಖ್ಯ ಪುಸ್ತಕ, ಕೊಂಡರೆ ಅದೊಂದನ್ನೇ ಕೊಳ್ಳಬೇಕು. ಎರಡನೆಯದರಲ್ಲಿ ಗ್ರಂಥಾಲಯದಲ್ಲೇ ಓದಬೇಕಾದ ಎರಡು ಮೂರು, ಅಧ್ಯಾಯ ಮತ್ತು ಪುಟಸಂಖ್ಯೆ ಸಹಿತ. ಮೂರನೆಯದು ಆಸಕ್ತರಿಗೆ. ಮುಖ್ಯ ಪುಸ್ತಕದ ಮುಂದೆ ಆವೃತ್ತಿ, ವರ್ಷ, ಮುದ್ರಿತ ಬೆಲೆ, ಅದರ ಹಿಂದಿನ ಯಾವ ಆವೃತ್ತಿ ನಡೆಯುತ್ತದೆ ಎಂಬ ಒಂದು ಸಾಲು ಇರಲಿ. ‘ಇತ್ತೀಚಿನ ಆವೃತ್ತಿ’ ಎಂದಷ್ಟೇ ಬರೆದರೆ ಹಳೆ ಪುಸ್ತಕ ಕೊಳ್ಳಲು ಹೊರಟವರೂ ಹೆದರಿ ಹೊಸದಕ್ಕೆ ಕೈಹಾಕುತ್ತಾರೆ. ತೆರಿಗೆ ಕಾನೂನು ಅಥವಾ ಲೆಕ್ಕಪತ್ರ ಮಾನದಂಡಗಳ ಪತ್ರಿಕೆಯಲ್ಲಿ ಹೊಸ ಆವೃತ್ತಿ ಬೇಕೇ ಬೇಕು, ಒಪ್ಪೋಣ. ಇತಿಹಾಸಕ್ಕೋ ಕಲನಶಾಸ್ತ್ರಕ್ಕೋ ಹತ್ತು ವರ್ಷದ ಹಿಂದಿನ ಆವೃತ್ತಿಯಾದರೆ ನಷ್ಟವಿಲ್ಲ.

ಗ್ರಂಥಾಲಯದ ಗಣಿತವನ್ನು ಅಧ್ಯಾಪಕರೂ ತಿಳಿದಿರಬೇಕು. ತರಗತಿಯಲ್ಲಿ 60 ಮಂದಿ, ಮುಖ್ಯ ಪುಸ್ತಕದ 6 ಪ್ರತಿ ಇವೆ ಎನ್ನೋಣ. 15 ದಿನಕ್ಕೆ ಎರವಲು ಕೊಟ್ಟರೆ ಎಲ್ಲರಿಗೂ ಒಂದು ಸರದಿ ಮುಗಿಯಲು 150 ದಿನ ಬೇಕು, ಅಂದರೆ ಸೆಮಿಸ್ಟರ್ ಮುಗಿದು ಪರೀಕ್ಷೆಯೂ ಮುಗಿದಿರುತ್ತದೆ. ಅದೇ 6 ಪ್ರತಿಯನ್ನು ಕಾಯ್ದಿರಿಸಿ, ಓದುವ ಕೋಣೆಯಲ್ಲೇ ಎರಡೆರಡು ಗಂಟೆಗೆ ಕೊಟ್ಟರೆ ಬೆಳಿಗ್ಗೆ 10ರಿಂದ 4ರವರೆಗೆ ದಿನಕ್ಕೆ 18 ಮಂದಿಗೆ ಸಿಗುತ್ತದೆ, ನಾಲ್ಕು ದಿನದೊಳಗೆ ಇಡೀ ತರಗತಿಗೆ ಒಂದು ಸುತ್ತು. ಸಂಜೆ 4ಕ್ಕೆ ಒಯ್ದು ಮರುದಿನ 10ಕ್ಕೆ ತರುವ ರಾತ್ರಿ ಎರವಲನ್ನೂ ಇದರ ಜೊತೆಗೆ ಇಡಬೇಕು. ಹಳ್ಳಿಗೆ ಕೊನೆಯ ಬಸ್ ಹಿಡಿಯಬೇಕಾದ ಹುಡುಗಿಯರು ಕಾಲೇಜಿನಲ್ಲಿ ಕೂತು ಓದಲಾರರು, ಅವರಿಗೆ ಇದೊಂದೇ ದಾರಿ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕಗಳ ಸೆಟ್ಟನ್ನು ಎರವಲು ಕೊಡುವ ಬುಕ್ ಬ್ಯಾಂಕ್ ಇರುವ ಕಾಲೇಜುಗಳಲ್ಲಿ ಆ ಸೆಟ್ಟುಗಳು ಹಳೆಯ ಸಿಲೆಬಸ್ಸಿನವೇ ಆಗಿ ಬೀರುವಿನಲ್ಲಿ ಉಳಿದಿವೆಯೇ ಎಂದು ಪ್ರತಿ ವರ್ಷ ತೆಗೆದು ನೋಡಬೇಕು.

ಪಾಠ ಯೋಜನೆಗೂ ಖರ್ಚಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ನೇರ ಸಂಬಂಧವಿದೆ. ಒಂದು ಕ್ರೆಡಿಟ್ ಎಂದರೆ 15 ಗಂಟೆಯ ಪಾಠ, ಆದ್ದರಿಂದ 4 ಕ್ರೆಡಿಟ್ ಪತ್ರಿಕೆಗೆ ಕಾಗದದ ಮೇಲೆ 60 ಗಂಟೆ. ಹಬ್ಬದ ರಜೆ, ಎರಡು ಆಂತರಿಕ ಪರೀಕ್ಷೆ, ಕ್ರೀಡಾಕೂಟ, ಸಾಂಸ್ಕೃತಿಕ ವಾರ, ತಡವಾದ ಪ್ರವೇಶ ಇವನ್ನೆಲ್ಲ ಕಳೆದರೆ ಕೈಗೆ ಸಿಗುವುದು ಸುಮಾರು 50. ಯೋಜನೆಯನ್ನು 60ಕ್ಕೆ ಬರೆದವರು ಕೊನೆಯ ಘಟಕವನ್ನು ಮುಟ್ಟುವುದೇ ಇಲ್ಲ, ನಾಲ್ಕನೆಯದನ್ನು ಓಡಿಸುತ್ತಾರೆ. ಗೈಡ್ ಹೆಚ್ಚಾಗಿ ಮಾರಾಟವಾಗುವುದು ಈ ಪಾಠವಾಗದ ಘಟಕಗಳ ಭಯದಿಂದಲೇ. ಹಾಗಾಗಿ ಮೊದಲು ವಿಶ್ವವಿದ್ಯಾಲಯದ ಕ್ಯಾಲೆಂಡರ್ ಮತ್ತು ಕಾಲೇಜಿನ ವೇಳಾಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ನಿಜವಾದ ಗಂಟೆ ಎಣಿಸಬೇಕು. 50 ಬಂದರೆ 46ನ್ನು ಐದು ಘಟಕಕ್ಕೆ 10, 9, 9, 9, 9 ಎಂದು ಹಂಚಿ, 4 ಗಂಟೆ ಖಾಲಿ ಬಿಡಬೇಕು. ಕಷ್ಟದ ಘಟಕ ಕೊನೆಯಲ್ಲಿದ್ದರೆ, ವಿಷಯದ ಸರಣಿ ಕೆಡದಿದ್ದರೆ, ಅದನ್ನು ಮಧ್ಯಕ್ಕೆ ತರಬೇಕು.

ಆಮೇಲೆ ಓದಿನ ಹೊರೆ. ಸೆಮಿಸ್ಟರಿಗೆ ಆರು ಪತ್ರಿಕೆ ಇದ್ದು ಪ್ರತಿಯೊಬ್ಬ ಅಧ್ಯಾಪಕರೂ ವಾರಕ್ಕೆ 25 ಪುಟ ಓದಿ ಎಂದರೆ ವಾರಕ್ಕೆ 150 ಪುಟವಾಗುತ್ತದೆ. ಅದನ್ನು ಯಾರೂ ಓದುವುದಿಲ್ಲ, ಆದರೆ ಜೆರಾಕ್ಸ್ ಮಾತ್ರ ಎಲ್ಲರೂ ಮಾಡಿಸುತ್ತಾರೆ. ಪತ್ರಿಕೆಗೆ ವಾರಕ್ಕೆ 10 ಪುಟ ಎಂದು ಗೆರೆ ಎಳೆದರೆ ಪಾಠ ನಡೆಯುವ 12 ವಾರಕ್ಕೆ 120 ಪುಟ. ಯೋಜನೆಯ ಕೋಷ್ಟಕದಲ್ಲಿ ವಾರ, ವಿಷಯ, ಓದಬೇಕಾದ ಪುಟಗಳು, ಅವು ಎಲ್ಲಿ ಉಚಿತವಾಗಿ ಸಿಗುತ್ತವೆ, ಆ ವಾರ ವಿದ್ಯಾರ್ಥಿ ಹಣ ಕೊಟ್ಟು ತರಬೇಕಾದದ್ದು ಏನು ಎಂಬ ಐದು ಕಲಂ ಇರಬೇಕು. ಕೊನೆಯ ಕಲಂ ತುಂಬುತ್ತಾ ಹೋದಂತೆ ಅಧ್ಯಾಪಕರಿಗೇ ಅರಿವಾಗುತ್ತದೆ, ಯಾವ ವಾರ ಮೂರು ವಿಷಯದವರೂ ಒಟ್ಟಿಗೆ ಚಾರ್ಟ್, ಪ್ರಿಂಟ್, ಫೈಲ್ ಕೇಳುತ್ತಿದ್ದಾರೆ ಎಂದು. ತಿಂಗಳ ಕೊನೆಯ ವಾರದಲ್ಲಿ ಹಾಗೆ ಕೇಳಬಾರದು. ಮನೆಯಲ್ಲಿ ಕೂಲಿ ಹಣದ ಮೇಲೆ ಸಂಸಾರ ನಡೆಯುವ ಮಗು ಆ ವಾರ ತರಗತಿಗೇ ಬರುವುದಿಲ್ಲ.

ಒಂದೇ ಪುಸ್ತಕದಲ್ಲಿ ಪೂರ್ತಿ ಸಿಲೆಬಸ್ ಸಿಗದ ಪತ್ರಿಕೆಗಳಿಗೆ ಈ 120 ಪುಟಗಳ ಓದಿನ ಕಟ್ಟನ್ನು ವಿಭಾಗವೇ ಸಿದ್ಧಪಡಿಸುವುದು ಒಳ್ಳೆಯದು. ಇದು ಕಾನೂನಿಗೆ ವಿರುದ್ಧ ಎಂಬ ಅಂಜಿಕೆ ಅನೇಕ ಪ್ರಾಂಶುಪಾಲರಲ್ಲಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52(1)(ಐ) ಕಲಂ ಪ್ರಕಾರ ಬೋಧನೆಯ ಭಾಗವಾಗಿ ಶಿಕ್ಷಕರು ಅಥವಾ ವಿದ್ಯಾರ್ಥಿಗಳು ಮಾಡಿಕೊಳ್ಳುವ ಪ್ರತಿ ಉಲ್ಲಂಘನೆಯಲ್ಲ. ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು 2012ರಲ್ಲಿ ದೆಹಲಿ ವಿಶ್ವವಿದ್ಯಾಲಯ ಮತ್ತು ಅದರ ಆವರಣದ ರಾಮೇಶ್ವರಿ ಜೆರಾಕ್ಸ್ ಅಂಗಡಿಯ ಮೇಲೆ ಹೂಡಿದ ದಾವೆಯನ್ನು ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2016ರ ಸೆಪ್ಟೆಂಬರ್ 16ರಂದು ವಜಾ ಮಾಡಿತು. ಅದೇ ವರ್ಷ ಡಿಸೆಂಬರ್ 9ರಂದು ವಿಭಾಗೀಯ ಪೀಠ, ಇಷ್ಟೇ ಶೇಕಡಾ ಪುಟ ಎಂಬ ಮಿತಿ ಕಾಯ್ದೆಯಲ್ಲಿಲ್ಲ, ಬೋಧನೆಗೆ ಎಷ್ಟು ಅಗತ್ಯ ಎಂಬುದೇ ಅಳತೆ ಎಂದಿತು. ಆ ಅಗತ್ಯವನ್ನು ವಿಚಾರಣೆಯಲ್ಲಿ ಪರಿಶೀಲಿಸಲು ಪ್ರಕರಣ ವಾಪಸಾಯಿತು, 2017ರಲ್ಲಿ ಪ್ರಕಾಶಕರೇ ದಾವೆ ಹಿಂತೆಗೆದುಕೊಂಡರು. ಇದರ ಅರ್ಥ ಇಡೀ ಪುಸ್ತಕವನ್ನು ಜೆರಾಕ್ಸ್ ಮಾಡಿ ಮಾರಬಹುದು ಎಂದಲ್ಲ. ಕಟ್ಟಿನಲ್ಲಿ ಪಾಠ ಯೋಜನೆಯಲ್ಲಿ ನಮೂದಾದ ಪುಟಗಳು ಮಾತ್ರ ಇರಬೇಕು. ಮುಖಪುಟದಲ್ಲಿ ಪತ್ರಿಕೆಯ ಸಂಕೇತ, ಪ್ರತಿ ಭಾಗದ ಮೇಲೆ ಮೂಲ ಪುಸ್ತಕ, ಲೇಖಕ, ಪುಟಸಂಖ್ಯೆ ಇರಬೇಕು. ಅಂಗಡಿಯವರು ಪ್ರತಿ ಮಾಡುವ ದರಕ್ಕಿಂತ ಒಂದು ರೂಪಾಯಿಯೂ ಹೆಚ್ಚು ತೆಗೆದುಕೊಳ್ಳಬಾರದು.

ಕಟ್ಟು ಮಾಡುವಾಗ ಆಗುವ ಎಡವಟ್ಟೆಂದರೆ ಜೆರಾಕ್ಸಿನ ಜೆರಾಕ್ಸ್. ಮೂರನೇ ತಲೆಮಾರಿಗೆ ಒತ್ತಕ್ಷರ ಮಸುಕಾಗಿ, ಗಣಿತದ ಘಾತಾಂಕಗಳು ಕಾಣದಾಗುತ್ತವೆ. ಮೂಲ ಪುಸ್ತಕದಿಂದಲೇ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಒಮ್ಮೆ ಸ್ಕ್ಯಾನ್ ಮಾಡಿ, ಪ್ರತಿ ಬಾರಿಯೂ ಆ ಪಿಡಿಎಫ್‌ನಿಂದ ಪ್ರಿಂಟ್ ತೆಗೆಸಬೇಕು. ಡೆಮಿ 1/8 ಆಕಾರದ (ಸಾಮಾನ್ಯ ಕಾದಂಬರಿಯ ಅಳತೆಯ) ಪುಸ್ತಕವಾದರೆ ಎದುರುಬದುರಿನ ಎರಡು ಪುಟ ಎ4 ಹಾಳೆಯ ಒಂದು ಮಗ್ಗುಲಿಗೆ ಅಡ್ಡಲಾಗಿ ಹೆಚ್ಚುಕಡಿಮೆ ಪೂರ್ಣ ಅಳತೆಯಲ್ಲೇ ಕೂರುತ್ತವೆ. 120 ಪುಟಕ್ಕೆ 60 ಮಗ್ಗುಲು, ಎರಡೂ ಬದಿ ಮುದ್ರಿಸಿದರೆ 30 ಹಾಳೆ. ಮಗ್ಗುಲಿಗೆ ಒಂದೂವರೆ ರೂಪಾಯಿ ಹಿಡಿದರೆ 90, ಸ್ಪೈರಲ್‌ಗೆ 30, ಒಟ್ಟು 120 ರೂಪಾಯಿ. ದೊಡ್ಡ ಆಕಾರದ ಪಠ್ಯಪುಸ್ತಕಕ್ಕೆ ಈ ಉಪಾಯ ಬೇಡ, ಅಕ್ಷರ ಕುಗ್ಗಿ ಓದಲಾಗದು.

‘ಪಿಡಿಎಫ್ ಉಚಿತವಾಗಿದೆ, ವಾಟ್ಸಾಪ್‌ಗೆ ಹಾಕಿದ್ದೇನೆ’ ಎಂದುಬಿಟ್ಟರೆ ಖರ್ಚು ತಪ್ಪಿತೆಂದು ತಿಳಿಯಬಾರದು. 400 ಪುಟದ ಸ್ಕ್ಯಾನ್ ಪ್ರತಿಯನ್ನು ಐದೂವರೆ ಇಂಚಿನ ಮೊಬೈಲ್‌ನಲ್ಲಿ ಓದಲಾಗದೆ ವಿದ್ಯಾರ್ಥಿ ಪ್ರಿಂಟ್ ಹಾಕಿಸುತ್ತಾನೆ. ಪುಟಕ್ಕೆ ಒಂದೂವರೆಯಂತೆ 600 ರೂಪಾಯಿ! ಅಂಗಡಿಯಲ್ಲಿ ಆ ಪುಸ್ತಕವೇ 450ಕ್ಕೆ ಸಿಗುತ್ತಿರಬಹುದು. ಉಚಿತ ಆಕರ ಕೊಡುವಾಗಲೂ ಪುಟ ಹೇಳಿಯೇ ಕೊಡಬೇಕು. ಹಾಗೆ ಕೊಡಲು ಈಗ ಒಳ್ಳೆಯ ಆಕರಗಳಿವೆ: ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ, ಸ್ನಾತಕೋತ್ತರ ಪಾಠಗಳಿರುವ ಇ-ಪಿಜಿ ಪಾಠಶಾಲಾ ತಾಣ, ಕೇಂದ್ರ ಸರ್ಕಾರದ ಆನ್‌ಲೈನ್ ‘ಸ್ವಯಂ’ ವೇದಿಕೆಯ ಕೋರ್ಸುಗಳು, ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ ಪಠ್ಯಗಳು. ಓಪನ್‌ಸ್ಟ್ಯಾಕ್ಸ್‌ನ ಸಂಖ್ಯಾಶಾಸ್ತ್ರ, ಭೌತಶಾಸ್ತ್ರ, ಅರ್ಥಶಾಸ್ತ್ರದ ಪುಸ್ತಕಗಳು ಮುಕ್ತ ಪರವಾನಗಿಯವು, ಬೇಕಾದ ಅಧ್ಯಾಯ ಮಾತ್ರ ಪ್ರಿಂಟ್ ಮಾಡಿ ಹಂಚಬಹುದು. ಅಲ್ಲಿನ ಉದಾಹರಣೆಗಳು ಡಾಲರಿನಲ್ಲಿರುತ್ತವೆ, ತರಗತಿಯಲ್ಲಿ ನಮ್ಮ ಎಪಿಎಂಸಿಯ ಧಾರಣೆ ಹಾಕಿಕೊಳ್ಳಬೇಕಷ್ಟೆ. 2025ರ ಜನವರಿಯಿಂದ ಜಾರಿಗೆ ಬಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಸರ್ಕಾರಿ ಸಂಸ್ಥೆಗಳಿಗೆ ಸಂಶೋಧನಾ ಪತ್ರಿಕೆಗಳನ್ನು ತೆರೆದುಕೊಟ್ಟಿದೆ. ಅದು ಸ್ನಾತಕೋತ್ತರ, ಪಿಎಚ್‌ಡಿಯವರಿಗೆ ದೊಡ್ಡ ನೆರವು, ಬಿ.ಎ. ಎರಡನೇ ಸೆಮಿಸ್ಟರಿನ ವಿದ್ಯಾರ್ಥಿಗೆ ಅದರಿಂದ ಪಠ್ಯದ ಖರ್ಚು ಇಳಿಯುವುದಿಲ್ಲ.

ಕನ್ನಡ ಮಾಧ್ಯಮದ ವಿದ್ಯಾರ್ಥಿಯ ಪಾಡು ಬೇರೆಯೇ. ಇಂಗ್ಲಿಷ್ ಮಾಧ್ಯಮದ ಕೋರ್ಸಿನಲ್ಲೂ ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ಅವಕಾಶ ಕೊಡಿ ಎಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2023ರ ಏಪ್ರಿಲ್‌ನಲ್ಲೇ ವಿಶ್ವವಿದ್ಯಾಲಯಗಳಿಗೆ ಬರೆದಿದೆ. ನಮ್ಮಲ್ಲಿ ಅದಕ್ಕೂ ಬಹಳ ಹಿಂದಿನಿಂದ ಕನ್ನಡದಲ್ಲಿ ಬರೆಯುವವರಿದ್ದಾರೆ. ಆದರೆ ಪುಸ್ತಕ ಪಟ್ಟಿ ಪೂರ್ತಿ ಇಂಗ್ಲಿಷ್. ಅವನು ಒಂದೋ ಗೈಡ್ ಕೊಳ್ಳಬೇಕು, ಇಲ್ಲವೇ ಇಂಗ್ಲಿಷ್ ಪುಸ್ತಕವನ್ನೂ ಕೊಂಡು ಗೈಡನ್ನೂ ಕೊಳ್ಳಬೇಕು. ಕನ್ನಡದಲ್ಲಿ ಉತ್ತರ ಬರೆಯಲು ಅವಕಾಶವಿರುವ ಯಾವ ಪತ್ರಿಕೆಗೂ ಕನ್ನಡದ ಒಂದು ಪುಸ್ತಕವಿಲ್ಲದ ಪಟ್ಟಿಯನ್ನು, ಸಿಲೆಬಸ್ಸಿಗೆ ಒಪ್ಪಿಗೆ ಕೊಡುವ ವಿಶ್ವವಿದ್ಯಾಲಯದ ವಿದ್ಯಾವಿಷಯಕ ಪರಿಷತ್ತು ಒಪ್ಪಬಾರದು. ಪುಸ್ತಕ ಇಲ್ಲವೇ ಇಲ್ಲ ಎಂದಾದರೆ ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗವಾದ ಪ್ರಸಾರಾಂಗ ಇರುವುದು ಇನ್ನೇತಕ್ಕೆ? ಮೈಸೂರು, ಬೆಂಗಳೂರು, ಕರ್ನಾಟಕ ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು ಕಡಿಮೆ ಬೆಲೆಗೆ ಗಟ್ಟಿ ಪುಸ್ತಕ ಕೊಟ್ಟ ಪರಂಪರೆ ನಮ್ಮದು. ವರ್ಷಕ್ಕೆ ನಾಲ್ಕೇ ಪತ್ರಿಕೆಗೆ 150 ಪುಟದ ಕನ್ನಡ ಪಠ್ಯ ಬರೆಸಿ, ಮುದ್ರಿತ ಪ್ರತಿಯ ಜೊತೆ ಪಿಡಿಎಫ್ ತೆರೆದಿಟ್ಟರೂ ಮೂರು ವರ್ಷದಲ್ಲಿ ಚಿತ್ರ ಬದಲಾಗುತ್ತದೆ. ಕನ್ನಡ ಭಾಷಾ ಪಠ್ಯಗಳದ್ದು ಇನ್ನೊಂದು ಕಥೆ. ಬಿ.ಎ., ಬಿ.ಎಸ್ಸಿ., ಬಿ.ಕಾಂ.ಗೆ ಬೇರೆಬೇರೆ ಸಂಕಲನ, ಸೆಮಿಸ್ಟರಿಗೊಂದು. ಲೇಖಕರ ಅನುಮತಿ ಕೋರುವ ಪತ್ರ, ಮುದ್ರಣದ ಟೆಂಡರ್ ಎಲ್ಲ ಪಾಠಗಳ ಆಯ್ಕೆಯಾದ ಮೇಲೆ ಶುರುವಾಗುವುದರಿಂದ ಪುಸ್ತಕ ತಡವಾಗುತ್ತದೆ, ಅಷ್ಟರೊಳಗೆ ವಿದ್ಯಾರ್ಥಿ ಪಾಠಗಳನ್ನು ಜೆರಾಕ್ಸ್ ಮಾಡಿಸಿಯಾಗಿರುತ್ತದೆ, ಆಮೇಲೆ ಪುಸ್ತಕವನ್ನೂ ಕೊಳ್ಳುತ್ತಾನೆ. ಆಯ್ಕೆ ಡಿಸೆಂಬರ್‌ನಲ್ಲಿ ಮುಗಿದು ಎರಡು ಸೆಮಿಸ್ಟರಿನ ಪಾಠ ಒಂದೇ ಸಂಪುಟದಲ್ಲಿ ಬಂದರೆ ರಟ್ಟು, ಬೈಂಡಿಂಗ್, ಸಾಗಾಟ ಮೂರರ ಖರ್ಚೂ ಅರ್ಧವಾಗುತ್ತದೆ.

ವಿಜ್ಞಾನದ ಪ್ರಯೋಗಾಲಯಗಳಲ್ಲಿ ಒಂದೇ ಪ್ರಯೋಗವನ್ನು ಎರಡು ಸಲ ಬರೆಸುವ ಪದ್ಧತಿ ಇದೆ, ಅಬ್ಸರ್ವೇಶನ್ ಪುಸ್ತಕದಲ್ಲಿ ಒಮ್ಮೆ, ರೆಕಾರ್ಡಿನಲ್ಲಿ ಒಮ್ಮೆ. ಮೂರು ವಿಷಯಕ್ಕೆ ಆರು ಪುಸ್ತಕ. ಎರಡನೆಯ ಬರವಣಿಗೆಯಿಂದ ಕಲಿಕೆ ಏನೂ ಆಗುವುದಿಲ್ಲ, ಹಿರಿಯರ ರೆಕಾರ್ಡ್ ನೋಡಿ ಇಳಿಸುವುದಷ್ಟೇ. ಪ್ರಯೋಗ ನಡೆದ ದಿನವೇ ಅಧ್ಯಾಪಕರು ಸಹಿ ಹಾಕಿದ ಒಂದೇ ಪುಸ್ತಕ ಸಾಕು. ಪ್ರಾಯೋಗಿಕ ಪರೀಕ್ಷೆಯಲ್ಲಿ ರೆಕಾರ್ಡಿಗೆ ಅಂಕವಿರುವುದರಿಂದ ಕಾಲೇಜುಗಳು ತಾವಾಗಿ ಇದನ್ನು ಬಿಡಲಾರವು, ವಿಶ್ವವಿದ್ಯಾಲಯವೇ ಸಿಲೆಬಸ್ಸಿನಲ್ಲಿ ಬರೆಯಬೇಕು. ಕಾಲೇಜಿನ ಲಾಂಛನ ಮುದ್ರಿಸಿದ ರಟ್ಟಿನ ರೆಕಾರ್ಡೇ ಬೇಕೆಂಬ ನಿಯಮವನ್ನೂ ತೆಗೆಯಬೇಕು. ಪ್ರಮಾಣಪತ್ರದ ಒಂದು ಹಾಳೆಯನ್ನು ಯಾವ ಪುಸ್ತಕಕ್ಕಾದರೂ ಅಂಟಿಸಬಹುದು. ನೋಟ್‌ಬುಕ್, ಗ್ರಾಫ್ ಪುಸ್ತಕ, ಲ್ಯಾಬ್ ನೋಟ್‌ಬುಕ್‌ಗಳ ಮೇಲಿನ ಶೇ 12ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೂನ್ಯವಾಗಿದೆ. ಕಾಲೇಜಿನ ಕೌಂಟರಿನಲ್ಲಿ ಮಾರುವ ಪುಸ್ತಕದ ಬೆಲೆ ಅದಕ್ಕೆ ತಕ್ಕಂತೆ ಇಳಿದಿದೆಯೇ ಎಂದು ಪೋಷಕರು ಕೇಳಬೇಕು.

ರಸಾಯನಶಾಸ್ತ್ರದಲ್ಲಿ ಲ್ಯಾಬ್ ಶುಲ್ಕ ಏರುವುದು ರಾಸಾಯನಿಕಗಳ ಬೆಲೆಯಿಂದ. ಅನುಮಾಪನದಲ್ಲಿ (ಟೈಟ್ರೇಶನ್, ಪಿಪೆಟ್ಟಿನಲ್ಲಿ ಅಳೆದ ದ್ರಾವಣಕ್ಕೆ ಬ್ಯುರೆಟ್ಟಿನಿಂದ ಇನ್ನೊಂದನ್ನು ಹನಿಹನಿಯಾಗಿ ಬಿಡುವ ಪ್ರಯೋಗ) 20 ಮಿ.ಲೀ. ಪಿಪೆಟ್ ಬದಲು 10 ಮಿ.ಲೀ. ಬಳಸಿ, ಬ್ಯುರೆಟ್ಟಿನ ದ್ರಾವಣದ ಪ್ರಬಲತೆಯನ್ನೂ ಅರ್ಧಕ್ಕಿಳಿಸಿದರೆ ರೀಡಿಂಗ್ ಮೊದಲಿನಂತೆ 20 ಮಿ.ಲೀ. ಆಸುಪಾಸಿನಲ್ಲೇ ಬರುತ್ತದೆ, ಖರ್ಚಾಗುವ ರಾಸಾಯನಿಕ ಎರಡೂ ಕಡೆ ಅರ್ಧ. ಪಿಪೆಟ್ ಮಾತ್ರ ಚಿಕ್ಕದಾಗಿಸಿ ಬ್ಯುರೆಟ್ ದ್ರಾವಣ ಹಾಗೇ ಬಿಟ್ಟರೆ ರೀಡಿಂಗ್ 10ಕ್ಕೆ ಇಳಿದು, ಒಂದು ಹನಿಯ ತಪ್ಪಿನ ಪ್ರಮಾಣ ಇಮ್ಮಡಿಯಾಗುತ್ತದೆ. ತೀರಾ ತೆಳು ಮಾಡಿದರೆ ಸೂಚಕದ ಬಣ್ಣ ತಿರುಗುವ ಬಿಂದು ಮಸುಕಾಗುತ್ತದೆ, ಆದ್ದರಿಂದ ಪ್ರಬಲತೆ 0.05 ನಾರ್ಮಲ್‌ಗಿಂತ ಕೆಳಗೆ ಹೋಗುವುದು ಬೇಡ. ಬಾಹ್ಯ ಪರೀಕ್ಷಕರು ಆಕ್ಷೇಪಿಸದಂತೆ ಇದೂ ಸಿಲೆಬಸ್ಸಿನಲ್ಲೇ ಇರಬೇಕು.

ಭೂಗೋಳದ ಪ್ರಾಯೋಗಿಕಕ್ಕೆ ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಸ್ಥಳವರ್ಣನಾ ನಕಾಶೆಗಳು ಅದರ ಜಾಲತಾಣದಿಂದ ಉಚಿತವಾಗಿ ಸಿಗುತ್ತವೆ, ಬೇಕಾದ ಭಾಗವನ್ನು ಅಳತೆ ಬದಲಾಯಿಸದೆ ಎ3ಯಲ್ಲಿ ತೆಗೆದರೆ ಸಾಕು. ನಕಾಶೆಗೆ ಕ್ಯೂಜಿಐಎಸ್, ಸಂಖ್ಯಾಶಾಸ್ತ್ರಕ್ಕೆ ಆರ್, ಗಣಿತಕ್ಕೆ ಜಿಯೋಜೀಬ್ರಾ, ಕಚೇರಿ ಕೆಲಸಕ್ಕೆ ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶಗಳು ಇರುವಾಗ ಹಣ ಕೊಡುವ ತಂತ್ರಾಂಶದ ಹೆಸರನ್ನು ಸಿಲೆಬಸ್ಸಿನಲ್ಲಿ ಬರೆಯುವ ಅಗತ್ಯವಿಲ್ಲ. ವಾಣಿಜ್ಯದಲ್ಲಿ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಬೇಕು ಎನ್ನುವುದಾದರೆ ಅದರ ಉಚಿತ ಎಜುಕೇಶನಲ್ ಮೋಡ್ ಇದೆ. ಅದು ತಿಂಗಳ 1, 2 ಮತ್ತು 31ನೇ ತಾರೀಕಿನ ವೋಚರುಗಳನ್ನು ಮಾತ್ರ ಸ್ವೀಕರಿಸುತ್ತದೆ. ಲೆಕ್ಕಗಳನ್ನು ಆ ತಾರೀಕುಗಳಿಗೆ ಹೊಂದಿಸಿ ಕೊಟ್ಟರೆ ಕೆಲಸ ನಿಲ್ಲುವುದಿಲ್ಲ. ಹಾಗೆ ಹೊಂದಿಸದೆ ಹಳೆಯ ಪುಸ್ತಕದ ಲೆಕ್ಕ ಕೊಟ್ಟಾಗಲೇ ವಿದ್ಯಾರ್ಥಿಗಳು ಹೊರಗಿನ ಕಂಪ್ಯೂಟರ್ ಸೆಂಟರಿಗೆ ಹಣ ಕಟ್ಟಿ ಹೋಗುವುದು.

ಕೊನೆಯ ವರ್ಷದ ಪ್ರಾಜೆಕ್ಟ್ ವರದಿಯಷ್ಟು ವ್ಯರ್ಥ ಖರ್ಚು ಇನ್ನೊಂದಿಲ್ಲ. 60 ಪುಟ, ಒಂದೇ ಬದಿ, ಮೂರು ಪ್ರತಿ: 180 ಮಗ್ಗುಲಿಗೆ ಮೂರು ರೂಪಾಯಿಯಂತೆ 540, ಬಂಗಾರದ ಅಕ್ಷರದ ಗಟ್ಟಿ ಬೈಂಡಿಗೆ 200ರಂತೆ ಮೂರಕ್ಕೆ 600, ಒಟ್ಟು 1,140 ರೂಪಾಯಿ. ಮೌಖಿಕ ಪರೀಕ್ಷೆ ಮುಗಿದ ಮೇಲೆ ಅವು ವಿಭಾಗದ ಮೂಲೆಯಲ್ಲಿ ಧೂಳು ಹಿಡಿಯುತ್ತವೆ. ಎರಡೂ ಬದಿ ಮುದ್ರಿಸಿದ ಒಂದು ಪ್ರತಿ, ಸ್ಪೈರಲ್ ಬೈಂಡ್, ವಿಭಾಗಕ್ಕೆ ಪಿಡಿಎಫ್ ಎಂದರೆ 210 ರೂಪಾಯಿಯಲ್ಲಿ ಮುಗಿಯುತ್ತದೆ. ಕನ್ನಡದ ವರದಿಗಳಲ್ಲಿ ಇನ್ನೊಂದು ಪೆಟ್ಟಿದೆ: ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪಿಸಿದ ಕಡತ ಇನ್ನೊಂದು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಗೆರೆಗಳಾಗಿ ಬಿಡುತ್ತದೆ, ಮತ್ತೆ ಟೈಪಿಂಗ್ ದುಡ್ಡು. ಯಾವ ಕಂಪ್ಯೂಟರಿನಲ್ಲೂ ಅಕ್ಷರ ಸರಿಯಾಗಿ ಕಾಣುವ ಯೂನಿಕೋಡ್‌ನಲ್ಲೇ ಟೈಪಿಸಿ, ಫಾಂಟ್ ಅಡಕವಾದ ಪಿಡಿಎಫ್ ಒಯ್ಯಬೇಕೆಂದು ಸೂಚನೆಯಲ್ಲೇ ಇರಲಿ.

ವೆಚ್ಚದ ಪುಟಕ್ಕೆ ಇಷ್ಟು ಸಾಲು ಸಾಕು: ಮುಖ್ಯ ಪುಸ್ತಕದ ಬೆಲೆ ಮತ್ತು ಹಳೆಯ ಆವೃತ್ತಿ ನಡೆಯುತ್ತದೆಯೇ, ಓದಿನ ಕಟ್ಟಿನ ಪುಟಗಳು, ರೆಕಾರ್ಡ್ ಮತ್ತು ಉಪಕರಣ, ಪ್ರಿಂಟ್-ಬೈಂಡಿಂಗ್, ಕ್ಷೇತ್ರ ಭೇಟಿ ಇದ್ದರೆ ಬಸ್ ಖರ್ಚು, ಎಲ್ಲದರ ಮೊತ್ತ, ಯಾವುದನ್ನೂ ಕೊಳ್ಳದೆ ಗ್ರಂಥಾಲಯದ ಆಧಾರದ ಮೇಲೆ ಓದಿದರೆ ಆಗುವ ಕನಿಷ್ಠ ಮೊತ್ತ. ಅಧ್ಯಯನ ಮಂಡಳಿ ಒಟ್ಟು ಆರು ಪತ್ರಿಕೆಗಳ ಮೊತ್ತವನ್ನೂ ಕೂಡಿಸಿ ನೋಡಬೇಕು, ಏಕೆಂದರೆ ಒಂದೊಂದೇ ಆಗಿ ನೋಡಿದರೆ ಪ್ರತಿಯೊಂದೂ ಸಣ್ಣದಾಗಿ ಕಾಣುತ್ತದೆ. ಈ ಪುಟ ವಿದ್ಯಾರ್ಥಿಗೆ ಪ್ರವೇಶದ ವೇಳೆಗೇ ಯುಯುಸಿಎಂಎಸ್ (ರಾಜ್ಯದ ವಿಶ್ವವಿದ್ಯಾಲಯ, ಕಾಲೇಜುಗಳ ಏಕೀಕೃತ ಆನ್‌ಲೈನ್ ವ್ಯವಸ್ಥೆ) ಲಾಗಿನ್‌ನಲ್ಲಿ ಕಾಣಬೇಕು. ಪಾಠ ಯೋಜನೆ ವಿಭಾಗದ ಹೆಸರಿನಲ್ಲೇ ಸಿದ್ಧವಿರಬೇಕು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರದ್ದು, ಅವರ ನೇಮಕವಾಗುವಾಗ ತರಗತಿಗಳು ಶುರುವಾಗಿ ಬಿಟ್ಟಿರುತ್ತವೆ. ಬಂದ ದಿನವೇ ಕೋಷ್ಟಕ, ಓದಿನ ಕಟ್ಟು, ವೆಚ್ಚದ ಪುಟ ಮೂರೂ ಅವರ ಕೈಗೆ ಸಿಗುವಂತೆ ವಿಭಾಗದ ಮುಖ್ಯಸ್ಥರು ಬೇಸಿಗೆ ರಜೆಗೆ ಮೊದಲೇ ಫೈಲ್ ಕಟ್ಟಿಡಬೇಕು.

ಇಂತಿ,
ಪದವಿ ಕಾಲೇಜುಗಳ ಕೆಲವು ಅಧ್ಯಾಪಕರು
ಶಿವಮೊಗ್ಗ